ಬೆಂಚ್ ಪವರ್ ಸಪ್ಲೈಯಿಂದ ಸಣ್ಣ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡುವ ಕ್ರಮ: ಹೊಲದ ಉಪಕರಣ ಬಳಸುವವರು ತಿಳಿದಿರಬೇಕಾದ ವಿಷಯಗಳು

ಮಣ್ಣಿನ ತೇವಾಂಶ ಸಂವೇದಕ, ಸ್ವಯಂಚಾಲಿತ ಹವಾಮಾನ ಮಾಪನ ಘಟಕ, ಸೌರ ದೀಪಾಕರ್ಷಕ ಬಲೆ, ಬ್ಯಾಟರಿ ಚಾಲಿತ ಸಿಂಪರಣಾ ಯಂತ್ರ ಮೊದಲಾದ ಉಪಕರಣಗಳು ಇಂದು ರೈತರ ಹೊಲ, ತೋಟಗಳಲ್ಲಿ ಬಳಕೆಗೆ ಬರುತ್ತಿವೆ. ಇವುಗಳಲ್ಲಿ ಅನೇಕವು ಲಿಥಿಯಂ ಬ್ಯಾಟರಿಯಿಂದ ನಡೆಯುತ್ತವೆ. ಬೇಸಾಯಶಾಸ್ತ್ರದ ಪುಟದಲ್ಲಿ ಬ್ಯಾಟರಿಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ತೇವಾಂಶ ಸಂವೇದಕವನ್ನು ನಂಬಿ ಹನಿ ನೀರಾವರಿ ನಡೆಸುವ ರೈತನಿಗೆ ಹೂವಾಡುವ ಹಂತದಲ್ಲಿ ನಾಲ್ಕು ದಿನ ಮಾಹಿತಿ ನಿಂತರೆ ಆಗುವ ನಷ್ಟ ಬೆಳೆಯ ನಷ್ಟವೇ ಆಗಿರುತ್ತದೆ. ಹಾಗೆ ಮಾಹಿತಿ ನಿಂತ ಹಲವು ಸಂದರ್ಭಗಳಲ್ಲಿ ಸಂವೇದಕ ಸರಿಯಾಗಿಯೇ ಇರುತ್ತದೆ. ಅದರೊಳಗಿನ ಹೆಬ್ಬೆರಳು ಗಾತ್ರದ ಸೆಲ್ ಮಾತ್ರ ಬರಿದಾಗಿರುತ್ತದೆ.

ಮುಂಗಾರಿನಲ್ಲಿ ವಾರಗಟ್ಟಲೆ ಮೋಡ ಮುಸುಕಿದಾಗ ಈ ತೊಂದರೆ ಹೆಚ್ಚು. ಮಲೆನಾಡಿನ ಅಡಿಕೆ, ಕಾಫಿ, ಕಾಳುಮೆಣಸಿನ ತೋಟಗಳಲ್ಲಿ ಮೋಡದ ಜೊತೆಗೆ ಮರಗಳ ನೆರಳೂ ಸೇರುವುದರಿಂದ ಸಣ್ಣ ಸೌರ ಫಲಕವು ಸೆಲ್ಲನ್ನು ತುಂಬಲಾರದು. ಆಗ ರೈತರು ಸೆಲ್ಲನ್ನು ಹೊರತೆಗೆದು ಪಟ್ಟಣದ ಮೊಬೈಲ್ ದುರಸ್ತಿ ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಮೇಜಿನ ಮೇಲೆ ಎರಡು ನಾಬ್, ಎರಡು ಅಂಕಿ ಫಲಕ, ಕೆಂಪು–ಕಪ್ಪು ತಂತಿಗಳಿರುವ ಡಿ.ಸಿ. ಪವರ್ ಸಪ್ಲೈ ಇರುತ್ತದೆ. ಇದನ್ನೇ ಬೆಂಚ್ ಪವರ್ ಸಪ್ಲೈ ಎನ್ನುತ್ತಾರೆ. ಐ.ಟಿ.ಐ. ಓದಿದ ಕೆಲವು ರೈತ ಯುವಕರ ಮನೆಯಲ್ಲಿಯೂ ಈಗ ಇದು ಇದೆ. ಇದರಿಂದ ಲಿಥಿಯಂ ಸೆಲ್ಲನ್ನು ಚಾರ್ಜ್ ಮಾಡಲು ಖಂಡಿತ ಸಾಧ್ಯ. ಆದರೆ ತನಗೆ ಜೋಡಿಸಿದ ಸೆಲ್ ಯಾವ ಜಾತಿಯದು ಎಂಬುದಾಗಲಿ, ಅದು ತುಂಬಿತೇ ಎಂಬುದಾಗಲಿ ಈ ಯಂತ್ರಕ್ಕೆ ತಿಳಿಯುವುದಿಲ್ಲ. ಆ ಎರಡು ತಿಳಿವಳಿಕೆಯೂ ನಾಬ್ ತಿರುಗಿಸುವವರಲ್ಲಿ ಇರಬೇಕು. ಇಲ್ಲದಿದ್ದರೆ ಸೆಲ್ ಕೆಡುವುದು ಸಣ್ಣ ವಿಷಯ. ಹತ್ತಿ, ಒಣ ಹುಲ್ಲು, ಕೀಟನಾಶಕ ಇಟ್ಟ ಉಗ್ರಾಣಕ್ಕೆ ಬೆಂಕಿ ಬೀಳುವುದು ದೊಡ್ಡ ವಿಷಯ.

ಮೊದಲು ಸೆಲ್ಲಿನ ಜಾತಿಯನ್ನು ಗುರುತಿಸಿ

ಹೊರನೋಟಕ್ಕೆ ಒಂದೇ ರೀತಿ ಕಾಣುವ ಲಿಥಿಯಂ ಸೆಲ್ಲುಗಳಲ್ಲಿ ನೀವು ಮೂರು ಬಗೆಯನ್ನು ಬೇರ್ಪಡಿಸಲು ಕಲಿಯಬೇಕು.

ಮೊದಲನೆಯದು ಸಾಮಾನ್ಯ ಲಿಥಿಯಂ ಅಯಾನ್. ಸೆಲ್ಲಿನ ಮೇಲೆ 3.6 ಅಥವಾ 3.7 ವೋಲ್ಟ್ ಎಂದು ಮುದ್ರಿಸಿರುತ್ತಾರೆ. ಪೂರ್ಣ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಸಂವೇದಕಗಳಲ್ಲಿ ಹೆಚ್ಚಾಗಿ ಸಿಗುವ 18650 ಸೆಲ್ ಈ ಬಗೆಯದು. 18 ಮಿಲಿ ಮೀಟರ್ ದಪ್ಪ, 65 ಮಿಲಿ ಮೀಟರ್ ಉದ್ದ ಎಂಬುದೇ ಆ ಸಂಖ್ಯೆಯ ಅರ್ಥ. ಇವುಗಳ ಧಾರಣ ಸಾಮರ್ಥ್ಯ ಸಾಮಾನ್ಯವಾಗಿ 2000ದಿಂದ 3500 ಮಿಲಿ ಆಂಪಿಯರ್-ಅವರ್. ಇದೇ ಗಾತ್ರದ ಸೆಲ್ಲಿನ ಮೇಲೆ 9900 ಎಂದು ಮುದ್ರಿಸಿ ಮಾರುವವರಿದ್ದಾರೆ. ಅದು ಸುಳ್ಳು, ಅಂತಹ ಸೆಲ್ಲನ್ನು ಕೊಳ್ಳಬೇಡಿ.

ಎರಡನೆಯದು ಲಿಥಿಯಂ ಐರನ್ ಫಾಸ್ಫೇಟ್, ವ್ಯಾಪಾರದ ಮಾತಿನಲ್ಲಿ ಎಲ್.ಎಫ್.ಪಿ. ಇದರ ಮೇಲೆ 3.2 ವೋಲ್ಟ್ ಎಂದಿರುತ್ತದೆ. ಇದು 3.65 ವೋಲ್ಟಿಗೇ ತುಂಬಿ ಹೋಗುತ್ತದೆ. ಸೌರ ದೀಪಗಳಲ್ಲಿಯೂ ಹೊಸ ಸಿಂಪರಣಾ ಯಂತ್ರಗಳಲ್ಲಿಯೂ ಇದು ಬಳಕೆಯಲ್ಲಿದೆ. ಶಾಖವನ್ನು ಹೆಚ್ಚು ಸಹಿಸುತ್ತದೆ, ಹೆಚ್ಚು ಸಲ ಚಾರ್ಜ್ ಮಾಡಬಹುದು. ಹೊಲದ ಕೆಲಸಕ್ಕೆ ನನ್ನ ಒಲವು ಇದರ ಕಡೆಗೇ. ಆದರೆ ಇದಕ್ಕೆ 4.2 ವೋಲ್ಟ್ ಕೊಟ್ಟರೆ ಅದು ಮಿತಿಮೀರಿದ ಚಾರ್ಜ್ ಆಗುತ್ತದೆ.

ಮೂರನೆಯ ಬಗೆಯ ಬಗ್ಗೆ ವಿಸ್ತರಣಾ ಕಾರ್ಯಕರ್ತರು ವಿಶೇಷ ಎಚ್ಚರ ವಹಿಸಬೇಕು. ಇದು ಒಮ್ಮೆ ಮಾತ್ರ ಬಳಸುವ ಲಿಥಿಯಂ ಸೆಲ್. ಕೆಲವು ಡೇಟಾ ಲಾಗರ್, ನೀರಿನ ಮೀಟರುಗಳಲ್ಲಿ ಇ.ಆರ್. 14505 ಎಂಬ ಗುರುತಿನ ಸೆಲ್ ಇರುತ್ತದೆ. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ಲಿನಷ್ಟೇ ಗಾತ್ರ, ಮೇಲೆ 3.6 ವೋಲ್ಟ್ ಎಂದೇ ಬರೆದಿರುತ್ತದೆ. ಇದೇ ಗಾತ್ರದ, ಮತ್ತೆ ಚಾರ್ಜ್ ಮಾಡಬಹುದಾದ 14500 ಸೆಲ್ಲಿನ ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯುವುದು ಕಷ್ಟ. ಇ.ಆರ್. ಎಂದು ಆರಂಭವಾಗುವ ಸೆಲ್ಲಿಗೂ ಸಿ.ಆರ್. 2032 ಎಂಬ ಬಿಲ್ಲೆ ಸೆಲ್ಲಿಗೂ ಪವರ್ ಸಪ್ಲೈಯ ತಂತಿಯನ್ನು ಮುಟ್ಟಿಸಲೇಕೂಡದು. ಇವುಗಳ ಒಳಗೆ ಲಿಥಿಯಂ ಲೋಹ ಲೋಹವಾಗಿಯೇ ಇರುತ್ತದೆ. ಹಿಮ್ಮುಖವಾಗಿ ವಿದ್ಯುತ್ ಹರಿಸಿದರೆ ಸಿಡಿಯುವ ಅಪಾಯವಿದೆ. ಗುರುತು ಅಳಿಸಿ ಹೋಗಿದ್ದರೆ, ಯಾವ ಜಾತಿಯೆಂದು ಖಚಿತವಾಗದಿದ್ದರೆ, ಚಾರ್ಜ್ ಮಾಡುವ ಯೋಚನೆಯನ್ನು ಕೈಬಿಡಿ. ಹೊಸ ಸೆಲ್ಲಿನ ಬೆಲೆ ದೊಡ್ಡದಲ್ಲ.

ಆಸಿಡ್ ಬ್ಯಾಟರಿಯ ಅಭ್ಯಾಸ ಇಲ್ಲಿ ನಡೆಯದು

ಟ್ರ್ಯಾಕ್ಟರ್, ಇನ್ವರ್ಟರ್, ಹಳೆಯ ಸ್ಪ್ರೇಯರ್ ಮೂಲಕ ರೈತರಿಗೆ ಪರಿಚಯವಿರುವುದು ಸೀಸದ ಆಸಿಡ್ ಬ್ಯಾಟರಿ. ಅದು ತುಂಬಿದ ಮೇಲೂ ಸ್ವಲ್ಪ ಹೊತ್ತು ಚಾರ್ಜ್ ಮುಂದುವರಿದರೆ ಹೆಚ್ಚುವರಿ ವಿದ್ಯುತ್ತು ಒಳಗಿನ ನೀರನ್ನು ಜಲಜನಕ ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಗುಳ್ಳೆ ಏಳುತ್ತದೆ, ನೀರು ಕಡಿಮೆಯಾಗುತ್ತದೆ, ನೀವು ಡಿಸ್ಟಿಲ್ಡ್ ವಾಟರ್ ಹಾಕುತ್ತೀರಿ. ಕೆರೆಗೆ ಕೋಡಿ ಇದ್ದ ಹಾಗೆ ಅದು. ಹೆಚ್ಚಾದದ್ದು ಹರಿದು ಹೋಗಲು ದಾರಿ ಇದೆ.

ಲಿಥಿಯಂ ಸೆಲ್ಲಿನಲ್ಲಿ ನೀರಿಲ್ಲ, ಆದ್ದರಿಂದ ಕೋಡಿಯೂ ಇಲ್ಲ. ಅದರ ಒಳಗೆ ಲಿಥಿಯಂ ಅಯಾನುಗಳು ಒಂದು ಪದರದಿಂದ ಇನ್ನೊಂದಕ್ಕೆ ಹೋಗಿ ಸೇರುವುದೇ ಚಾರ್ಜ್ ಆಗುವ ಕ್ರಿಯೆ. ಗ್ರಾಫೈಟ್ ಪದರದಲ್ಲಿ ಜಾಗ ತುಂಬಿದ ಮೇಲೂ ಒತ್ತಿ ಕಳುಹಿಸಿದರೆ ಲಿಥಿಯಂ ಲೋಹವಾಗಿ ಅದರ ಮೇಲ್ಮೈಯಲ್ಲಿ ಕೂರುತ್ತದೆ. ಇನ್ನೊಂದು ಪದರದ ರಚನೆ ಸಡಿಲಗೊಳ್ಳುತ್ತದೆ, ಒಳಗಿನ ದ್ರಾವಣ ವಿಭಜನೆಗೊಂಡು ಅನಿಲವಾಗುತ್ತದೆ, ಶಾಖ ಹುಟ್ಟುತ್ತದೆ. ಆ ದ್ರಾವಣ ಪೆಟ್ರೋಲಿನಂತೆ ಉರಿಯಬಲ್ಲ ಸಾವಯವ ದ್ರಾವಕ. ಒಂದು ಹಂತ ದಾಟಿದರೆ ಶಾಖವೇ ಮತ್ತಷ್ಟು ಶಾಖವನ್ನು ಹುಟ್ಟಿಸುತ್ತ ಹೋಗುತ್ತದೆ. ಆಗ ತಂತಿ ಕಿತ್ತರೂ ಅದು ನಿಲ್ಲುವುದಿಲ್ಲ. ಈ ಸೆಲ್ 1991ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಹಿಂದಿನ ಸಂಶೋಧನೆಗಾಗಿ ಗುಡೆನಫ್, ವಿಟ್ಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರ ನೊಬೆಲ್ ಬಹುಮಾನ ದೊರೆಯಿತು. ಮೂರು ದಶಕಗಳ ಸುಧಾರಣೆಯ ನಂತರವೂ ವೋಲ್ಟೇಜಿನ ಮೇಲಿನ ಮಿತಿಯ ವಿಷಯದಲ್ಲಿ ಅದು ಸಡಿಲ ಬಿಟ್ಟಿಲ್ಲ. 4.2 ವೋಲ್ಟಿನ ಸೆಲ್ಲಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ವಿನಾಯಿತಿ ಅತ್ತಿತ್ತ 0.05 ವೋಲ್ಟ್ ಮಾತ್ರ.

ಎರಡು ನಾಬ್‌ಗಳ ಕೆಲಸ

ಮೇಲೊಂದು ತೊಟ್ಟಿ, ಕೆಳಗೊಂದು ತೊಟ್ಟಿ, ನಡುವೆ ಗೇಟ್ ವಾಲ್ವ್ ಇರುವ ಪೈಪು ಇದೆ ಎಂದು ಭಾವಿಸಿ. ಕೆಳಗಿನ ತೊಟ್ಟಿ ಎತ್ತರವಾದದ್ದು. ಅದರಲ್ಲಿ ನೀರು ಏರುತ್ತ ಮೇಲಿನ ತೊಟ್ಟಿಯ ಮಟ್ಟವನ್ನು ತಲುಪಬಲ್ಲದು. ಪವರ್ ಸಪ್ಲೈಯ ವೋಲ್ಟೇಜ್ ನಾಬ್ ಎಂದರೆ ಮೇಲಿನ ತೊಟ್ಟಿಯ ನೀರಿನ ಮಟ್ಟ. ಕರೆಂಟ್ ನಾಬ್ ಎಂದರೆ ಗೇಟ್ ವಾಲ್ವ್. ಆರಂಭದಲ್ಲಿ ಕೆಳಗಿನ ತೊಟ್ಟಿ ಬಹುತೇಕ ಖಾಲಿ; ವಾಲ್ವ್ ಎಷ್ಟು ಬಿಟ್ಟಿದೆಯೋ ಅಷ್ಟು ನೀರು ಒಂದೇ ಸಮನೆ ಹರಿಯುತ್ತದೆ. ಎರಡೂ ಮಟ್ಟಗಳು ಹತ್ತಿರವಾದಂತೆ ಹರಿವು ತಾನಾಗಿ ಕಡಿಮೆಯಾಗುತ್ತ ಬರುತ್ತದೆ.

ಲಿಥಿಯಂ ಸೆಲ್ಲನ್ನು ಚಾರ್ಜ್ ಮಾಡಬೇಕಾದ ಸರಿಯಾದ ಕ್ರಮವೂ ಇದೇ. ಮೊದಲ ಹಂತದಲ್ಲಿ ಕರೆಂಟ್ ಸ್ಥಿರ, ವೋಲ್ಟೇಜ್ ಏರುತ್ತದೆ, ಯಂತ್ರದಲ್ಲಿ ಸಿ.ಸಿ. ಎಂಬ ದೀಪ ಬೆಳಗುತ್ತದೆ. ಎರಡನೆಯ ಹಂತದಲ್ಲಿ ವೋಲ್ಟೇಜ್ ಸ್ಥಿರ, ಕರೆಂಟ್ ಇಳಿಯುತ್ತದೆ, ಸಿ.ವಿ. ಎಂಬ ದೀಪ ಬೆಳಗುತ್ತದೆ. ಒಳ್ಳೆಯ ಬೆಂಚ್ ಪವರ್ ಸಪ್ಲೈ ಈ ಎರಡು ಹಂತಗಳನ್ನು ಚೆನ್ನಾಗಿಯೇ ನಿರ್ವಹಿಸುತ್ತದೆ. ಲಿಥಿಯಂ ಚಾರ್ಜರಿನಲ್ಲಿ ಇದರ ನಂತರ ಮೂರನೆಯ ಕೆಲಸವೊಂದಿದೆ: ಕರೆಂಟ್ ಸಾಕಷ್ಟು ಇಳಿದ ಕೂಡಲೇ ಸಂಪರ್ಕ ಕಡಿದುಬಿಡುವುದು. ಬೆಂಚ್ ಪವರ್ ಸಪ್ಲೈ ಇದನ್ನು ಮಾಡುವುದಿಲ್ಲ. ಅದನ್ನು ನೀವೇ ಮಾಡಬೇಕು.

ಚಾರ್ಜ್ ಮಾಡುವ ವಿಧಾನ

ಇಲ್ಲಿ 2500 ಮಿಲಿ ಆಂಪಿಯರ್-ಅವರ್ ಸಾಮರ್ಥ್ಯದ, 3.7 ವೋಲ್ಟಿನ ಒಂದು 18650 ಸೆಲ್ಲನ್ನು ಉದಾಹರಣೆಯಾಗಿ ತೆಗೆದುಕೊಂಡಿದೆ.

ಸೆಲ್ಲನ್ನು ಮೊದಲು ಕಣ್ಣಿನಿಂದ ಪರೀಕ್ಷಿಸಿ. ಉಬ್ಬಿದ್ದರೆ, ಜಜ್ಜಿದ ಗುರುತಿದ್ದರೆ, ತುಕ್ಕು ಅಥವಾ ಒಸರು ಕಂಡರೆ ಅಲ್ಲಿಗೇ ನಿಲ್ಲಿಸಿ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೂ ಬಳಸಬೇಡಿ. ಏಕೆಂದರೆ ಈ ಸೆಲ್ಲಿನ ಇಡೀ ಲೋಹದ ಮೈ ಮೈನಸ್ ಆಗಿರುತ್ತದೆ. ತುದಿಯ ಪ್ಲಸ್ ಗುಂಡಿಗೂ ಆ ಮೈಗೂ ನಡುವೆ ಒಂದೆರಡು ಮಿಲಿ ಮೀಟರ್ ಅಂತರವಷ್ಟೇ. ಬಳಿಕ ಮಲ್ಟಿಮೀಟರಿನಿಂದ ಅಳೆಯಿರಿ. 3.0ಕ್ಕಿಂತ ಹೆಚ್ಚು ಇದ್ದರೆ ಮುಂದುವರಿಯಬಹುದು. ಕಡಿಮೆ ಇದ್ದರೆ ಏನು ಮಾಡಬೇಕೆಂಬುದನ್ನು ಮುಂದೆ ಹೇಳಿದೆ.

ಈಗ ಸೆಲ್ಲನ್ನು ದೂರವಿಟ್ಟು ಯಂತ್ರವನ್ನು ಸಜ್ಜುಗೊಳಿಸಿ. ವೋಲ್ಟೇಜನ್ನು ಕಡಿಮೆಯಲ್ಲಿಟ್ಟು, ಯಂತ್ರದ ಕೆಂಪು ಮತ್ತು ಕಪ್ಪು ತಂತಿಗಳ ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ, ಕರೆಂಟ್ ನಾಬ್ ತಿರುಗಿಸಿ 0.50 ಆಂಪಿಯರ್‌ಗೆ ನಿಲ್ಲಿಸಿ. ಕರೆಂಟ್ ಮಿತಿ ಇರುವ ಯಂತ್ರಕ್ಕೆ ಇದರಿಂದ ಹಾನಿಯಿಲ್ಲ. ಹೀಗೆ ತುದಿ ಮುಟ್ಟಿಸುವುದು ಸೆಲ್ ಜೋಡಿಸದೆ ಇರುವಾಗ ಮಾತ್ರ. ಸೆಲ್ಲಿನ ಎರಡು ತುದಿಗಳನ್ನು ತಂತಿಯಿಂದ ಎಂದಿಗೂ ಜೋಡಿಸಬಾರದು. ಡಿಜಿಟಲ್ ಯಂತ್ರದಲ್ಲಿ ಈ ಮಿತಿಯನ್ನು ಗುಂಡಿ ಒತ್ತಿಯೇ ನಮೂದಿಸಬಹುದು. ಅನಂತರ ತಂತಿಗಳನ್ನು ಬೇರ್ಪಡಿಸಿ ವೋಲ್ಟೇಜ್ ನಾಬ್ ತಿರುಗಿಸಿ. ಯಂತ್ರದ ಅಂಕಿಯನ್ನು ನಂಬದೆ ತಂತಿಯ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ.

ಎಷ್ಟಕ್ಕೆ ನಿಲ್ಲಿಸಬೇಕು? ಪುಸ್ತಕದ ಉತ್ತರ 4.20. ನನ್ನ ಸಲಹೆ 4.10. ನಮ್ಮಲ್ಲಿ ಸಿಗುವ ಅಗ್ಗದ ಮಲ್ಟಿಮೀಟರುಗಳು 4 ವೋಲ್ಟಿನ ಆಸುಪಾಸಿನಲ್ಲಿ 0.02ರಿಂದ 0.04ರಷ್ಟು ತಪ್ಪು ತೋರಿಸುವುದು ಸಹಜ. ಸೆಲ್ಲಿಗಿರುವ ವಿನಾಯಿತಿಯೇ 0.05. ಮೇಲಾಗಿ ನಾಬ್‌ಗೆ ಕೈ ತಾಕಿದರೂ ಅಂಕಿ ಸರಿಯುತ್ತದೆ. 4.10ಕ್ಕೆ ನಿಲ್ಲಿಸಿದರೆ ಸಾಮರ್ಥ್ಯದಲ್ಲಿ ಸುಮಾರು ಹತ್ತನೇ ಒಂದು ಭಾಗ ಕಡಿಮೆ ಸಿಗುತ್ತದೆ. ಪ್ರತಿಯಾಗಿ ಸೆಲ್ಲಿನ ಆಯುಷ್ಯ ಹೆಚ್ಚುತ್ತದೆ, ನಿಮಗೂ ಅಂತರ ಸಿಗುತ್ತದೆ. ಎಲ್.ಎಫ್.ಪಿ. ಸೆಲ್ ಆದರೆ 3.60 ಇಡಿ.

ಸೆಲ್ಲನ್ನು ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಕೂರಿಸಿ, ಯಂತ್ರ ಚಾಲನೆಯಲ್ಲಿರುವಾಗಲೇ ಕೆಂಪು ತಂತಿಯನ್ನು ಪ್ಲಸ್‌ಗೆ, ಕಪ್ಪು ತಂತಿಯನ್ನು ಮೈನಸ್‌ಗೆ ಜೋಡಿಸಿ. ಬರಿ ಕ್ಲಿಪ್ಪನ್ನು ಸೆಲ್ಲಿಗೆ ಸಿಕ್ಕಿಸಿದರೆ ಜಾರಿ ಶಾರ್ಟ್ ಆಗಬಹುದು. ಸೆಲ್ಲಿನ ಮೇಲೆ ನೇರವಾಗಿ ಬೆಸುಗೆ ಹಾಕುವುದಂತೂ ಕೂಡದು. ಯಂತ್ರವನ್ನು ಮೊದಲು ಚಾಲೂ ಮಾಡಲು ಹೇಳುವುದಕ್ಕೆ ಕಾರಣವಿದೆ: ಕೆಲವು ಯಂತ್ರಗಳು ಸ್ವಿಚ್ ಹಾಕಿದ ಕ್ಷಣ ಇಟ್ಟದ್ದಕ್ಕಿಂತ ಹೆಚ್ಚು ವೋಲ್ಟೇಜ್ ಹೊಮ್ಮಿಸುತ್ತವೆ. ಮುಗಿಸುವಾಗ ಕ್ರಮ ಇದಕ್ಕೆ ತಿರುಗುಮುರುಗು. ಮೊದಲು ಸೆಲ್ ಬಿಡಿಸಿ, ಆಮೇಲೆ ಯಂತ್ರ ಆರಿಸಿ. ಆರಿದ ಯಂತ್ರಕ್ಕೆ ಸೆಲ್ ಜೋಡಿಸಿದ್ದರೆ ಸೆಲ್ಲಿನ ವಿದ್ಯುತ್ತು ಯಂತ್ರದೊಳಕ್ಕೆ ಹಿಂದಿರುಗಿ ಹರಿಯುತ್ತದೆ.

ಜೋಡಿಸಿದ ಕೂಡಲೇ ಯಂತ್ರದ ವೋಲ್ಟೇಜ್ ಅಂಕಿ 4.10ರಿಂದ 3.6ರ ಆಸುಪಾಸಿಗೆ ಬೀಳುತ್ತದೆ. ಬಹಳ ಜನ ಮುಗ್ಗರಿಸುವುದು ಇಲ್ಲಿಯೇ. ತಾವು ಇಟ್ಟ ವೋಲ್ಟೇಜ್ ಇಳಿದು ಹೋಯಿತೆಂದು ಭಾವಿಸಿ ನಾಬನ್ನು ಮೇಲಕ್ಕೆ ತಿರುಗಿಸುತ್ತಾರೆ. ಅಂಕಿ ಅಲ್ಲಾಡುವುದಿಲ್ಲ, ಮತ್ತಷ್ಟು ತಿರುಗಿಸುತ್ತಾರೆ. ಆ ಅಂಕಿ ಈಗ ಸೆಲ್ಲಿನ ವೋಲ್ಟೇಜನ್ನು ತೋರಿಸುತ್ತಿದೆ. ವಾಲ್ವಿನ ಮಿತಿಯಲ್ಲಿ ನೀರು ಹರಿಯುತ್ತಿರುವಾಗ ಕೆಳಗಿನ ತೊಟ್ಟಿಯ ಮಟ್ಟವನ್ನು ನೋಡಿದಂತೆ. ನಾಬ್ ಮಾತ್ರ ಸದ್ದಿಲ್ಲದೆ 5 ಅಥವಾ 6 ವೋಲ್ಟಿಗೆ ಏರಿರುತ್ತದೆ. ಎರಡು, ಮೂರು ಗಂಟೆಯ ನಂತರ ಸೆಲ್ 4.2ನ್ನು ದಾಟುತ್ತದೆ, ತಡೆಯಲು ಏನೂ ಇರುವುದಿಲ್ಲ. ಆದ್ದರಿಂದ ಸೆಲ್ ಜೋಡಿಸಿದ ಮೇಲೆ ವೋಲ್ಟೇಜ್ ನಾಬ್ ಮುಟ್ಟಲೇಬಾರದು. ನಾಬಿನ ಮೇಲೆ ಒಂದು ತುಂಡು ಟೇಪು ಅಂಟಿಸಿಬಿಡಿ.

0.5 ಆಂಪಿಯರ್‌ನಲ್ಲಿ ಪೂರ್ತಿ ಇಳಿದ ಸೆಲ್ ತುಂಬಲು ಐದರಿಂದ ಆರು ಗಂಟೆ ಬೇಕು. ಹೆಚ್ಚಿನ ಕರೆಂಟ್ ಇಟ್ಟು ಬೇಗ ಮುಗಿಸಬಹುದಾದರೂ ಹಳೆಯ ಸೆಲ್ಲಿಗೆ ಸಾಮರ್ಥ್ಯದ ಐದನೇ ಒಂದು ಭಾಗವೇ ಸುರಕ್ಷಿತ. ಸಿ.ವಿ. ದೀಪ ಹತ್ತಿದ ಮೇಲೆ ಕರೆಂಟ್ ಇಳಿಯತೊಡಗುತ್ತದೆ. ಅದು ಸಾಮರ್ಥ್ಯದ ಇಪ್ಪತ್ತನೇ ಒಂದು ಭಾಗಕ್ಕೆ, ಅಂದರೆ ಈ ಸೆಲ್ಲಿಗೆ 0.12 ಆಂಪಿಯರ್ ಸಮೀಪಕ್ಕೆ ಬಂದಾಗ ಬಿಡಿಸಿ. ಇನ್ವರ್ಟರಿನ ಬ್ಯಾಟರಿಯಂತೆ ಸದಾ ಜೋಡಿಸಿಟ್ಟರೆ ಲಿಥಿಯಂ ಸೆಲ್ಲಿನ ಆಯುಷ್ಯ ಕುಗ್ಗುತ್ತದೆ.

ಸಿ.ವಿ. ಹಂತದಲ್ಲಿ ಕರೆಂಟ್ ಇಳಿಯುವ ಬದಲು ಒಂದೇ ಕಡೆ ನಿಂತರೆ ಅಥವಾ ಮತ್ತೆ ಏರಿದರೆ ಸೆಲ್ಲಿನೊಳಗೆ ಸೋರಿಕೆ ಇದೆಯೆಂದು ಅರ್ಥ. ತಕ್ಷಣ ಬಿಡಿಸಿ, ಹೊರಗೆ ಬಯಲಿನಲ್ಲಿಡಿ.

ಸ್ಥಳ, ಶಾಖ, ವಿದ್ಯುತ್ ಕಡಿತ

ಲಿಥಿಯಂ ಸೆಲ್ಲನ್ನು 0 ಡಿಗ್ರಿಯಿಂದ 45 ಡಿಗ್ರಿ ಸೆಲ್ಸಿಯಸ್ ಒಳಗೆ ಚಾರ್ಜ್ ಮಾಡಬೇಕು. ನಮ್ಮಲ್ಲಿ ಕೆಳಗಿನ ಮಿತಿಯ ಚಿಂತೆಯಿಲ್ಲ. ಮೇಲಿನದರ ಚಿಂತೆ ಇದೆ. ಕಲಬುರಗಿ, ರಾಯಚೂರು ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುವಾಗ ತಗಡಿನ ಶೆಡ್ಡಿನೊಳಗೆ ಎಷ್ಟಿರಬಹುದೆಂದು ಊಹಿಸಬಹುದು. ಅಲ್ಲಿ ಮುಂಜಾನೆಯ ಹೊತ್ತೇ ಸೂಕ್ತ. ಮೇಲೆ ಹೇಳಿದ ಕರೆಂಟಿನಲ್ಲಿ ಆರೋಗ್ಯವಂತ ಸೆಲ್ ಕೈಗೆ ಬಿಸಿ ಎನಿಸಬಾರದು. ಬಿಸಿ ಎನಿಸಿದರೆ ನಿಲ್ಲಿಸಿ.

ಸೆಲ್ಲನ್ನು ಮಂಗಳೂರು ಹೆಂಚಿನ ಮೇಲೋ, ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲೋ ಇಟ್ಟು ಚಾರ್ಜ್ ಮಾಡಿ. ಅದು ಉರಿಯುವುದಿಲ್ಲ, ವಿದ್ಯುತ್ತನ್ನೂ ಹರಿಸುವುದಿಲ್ಲ. ದುಬಾರಿ ಚೀಲಕ್ಕಿಂತ ಸುಲಭವಾಗಿ ಸಿಗುತ್ತದೆ. ಸ್ಟೀಲ್ ತಟ್ಟೆ ಬೇಡ, ಮುಚ್ಚಿದ ಡಬ್ಬಿಯೂ ಬೇಡ. ಹುಲ್ಲು, ಹತ್ತಿ, ಗೋಣಿಚೀಲ, ಡೀಸೆಲ್, ಕೀಟನಾಶಕಗಳಿಂದ ದೂರವಿರಲಿ. ಮಲಗುವ ಕೋಣೆಯಲ್ಲಿ, ರಾತ್ರಿ ಹೊತ್ತಿನಲ್ಲಿ ಮಾಡಲೇಬೇಡಿ. ಪಂಪ್‌ಸೆಟ್ಟಿಗೆ ಆಟೊ ಸ್ಟಾರ್ಟರ್ ಹಾಕಿ ನಿದ್ರೆ ಹೋಗುವ ಅಭ್ಯಾಸ ನಮ್ಮ ರೈತರಿಗೆ ಅನಿವಾರ್ಯವಾಗಿ ಬಂದಿದೆ. ಆ ಅಭ್ಯಾಸವನ್ನು ಇಲ್ಲಿಗೆ ತರಬಾರದು. ಅರ್ಧ ಗಂಟೆಗೊಮ್ಮೆ ನೋಡುವವರು ಹತ್ತಿರ ಇರಬೇಕು. ವಿದ್ಯುತ್ ಹೋದರೆ ಕೂಡಲೇ ಸೆಲ್ ಬಿಡಿಸಿ. ವಿದ್ಯುತ್ ಬಂದ ಮೇಲೆ ಯಂತ್ರದ ವೋಲ್ಟೇಜನ್ನು ಮತ್ತೊಮ್ಮೆ ಅಳೆದ ನಂತರವೇ ಜೋಡಿಸಿ.

ಸೆಲ್ ಉಬ್ಬಿದರೆ, ಸುಯ್ ಎಂಬ ಸದ್ದು ಬಂದರೆ ಅಥವಾ ಹೊಗೆ ಕಂಡರೆ ಮೇನ್ ಸ್ವಿಚ್ ಆರಿಸಿ ಎಲ್ಲರನ್ನೂ ಹೊರಗೆ ಕಳುಹಿಸಿ. ಆ ಹೊಗೆ ವಿಷಕಾರಿ, ಉಸಿರಾಡಬಾರದು. ಬೆಂಕಿ ಹತ್ತಿದರೆ, ವಿದ್ಯುತ್ ಕಡಿದ ಬಳಿಕ, ದೂರದಿಂದ ಧಾರಾಳವಾಗಿ ನೀರು ಹಾಕಿ. ಚಾರ್ಜ್ ಮಾಡಬಹುದಾದ ಸೆಲ್ಲಿಗೆ ನೀರು ಹಾಕಬಾರದೆಂಬ ಮಾತು ಸರಿಯಲ್ಲ; ಶಾಖ ಇಳಿಸಲು ನೀರಿಗಿಂತ ಉತ್ತಮವಾದದ್ದು ಹಳ್ಳಿಯಲ್ಲಿ ಸಿಗುವುದಿಲ್ಲ. ಮರಳು ಹಾಕಿದರೆ ಬೆಂಕಿ ಹರಡುವುದು ತಡೆಯುತ್ತದೆ, ಆದರೆ ಸೆಲ್ ತಣಿಯುವುದಿಲ್ಲ.

ತೀರಾ ಇಳಿದ ಸೆಲ್ ಮತ್ತು ‘ಬೂಸ್ಟ್’

ಮಲ್ಟಿಮೀಟರ್ 2.5ರಿಂದ 3.0 ವೋಲ್ಟ್ ತೋರಿಸಿದರೆ ಕರೆಂಟನ್ನು 0.10 ಆಂಪಿಯರ್‌ಗೆ ಇಳಿಸಿ ಚಾರ್ಜ್ ಆರಂಭಿಸಿ. ಅರ್ಧ ಗಂಟೆಯೊಳಗೆ 3.0 ದಾಟಿದರೆ 0.5ಕ್ಕೆ ಏರಿಸಬಹುದು. ದಾಟದಿದ್ದರೆ ಅಥವಾ ಮೊದಲೇ 2.5ಕ್ಕಿಂತ ಕೆಳಗೆ ಬಹುದಿನ ಬಿದ್ದಿದ್ದರೆ ಅದನ್ನು ತ್ಯಜಿಸಬೇಕು.

ಕೆಲವು ದುರಸ್ತಿ ಅಂಗಡಿಗಳಲ್ಲಿ ಸತ್ತ ಸೆಲ್ಲಿಗೆ ಹೆಚ್ಚಿನ ವೋಲ್ಟೇಜನ್ನು ಕ್ಷಣಕಾಲ ಮುಟ್ಟಿಸಿ ‘ಬೂಸ್ಟ್’ ಕೊಟ್ಟು ಎಬ್ಬಿಸುವ ರೂಢಿ ಇದೆ. ಸೆಲ್ ಎದ್ದದ್ದನ್ನು ಕಂಡು ರೈತರಿಗೆ ಸಂತೋಷವೂ ಆಗುತ್ತದೆ. ಆದರೆ ವೋಲ್ಟೇಜ್ ತೀರಾ ಇಳಿದ ಸೆಲ್ಲಿನಲ್ಲಿ ಮೈನಸ್ ಕಡೆಯ ತಾಮ್ರದ ಹಾಳೆ ದ್ರಾವಣದಲ್ಲಿ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರವು ಎಲ್ಲೆಲ್ಲೋ ಕೂತು ಪದರಗಳ ನಡುವೆ ಸೇತುವೆ ಕಟ್ಟಬಹುದು. ಅದು ಅಂಗಡಿಯಲ್ಲೇ ಕೈಕೊಡಬೇಕೆಂದಿಲ್ಲ. ವಾರಗಳ ನಂತರ, ನಿಮ್ಮ ಪೆಟ್ಟಿಗೆಯಲ್ಲಿ, ನಿಮ್ಮ ಹೊಲದಲ್ಲಿ ಕೈಕೊಡಬಹುದು. ಬೂಸ್ಟ್ ಕೊಟ್ಟ ಸೆಲ್ಲನ್ನು ಒಪ್ಪಿಕೊಳ್ಳಬೇಡಿ.

ಇಲ್ಲಿ ಒಂದು ಭೇದ ತಿಳಿದಿರಲಿ. ರಕ್ಷಣಾ ಬೋರ್ಡ್ ಇರುವ ಪ್ಯಾಕ್ ಮೀಟರಿನಲ್ಲಿ 0 ತೋರಿಸಿದರೆ ಸೆಲ್ಲುಗಳು ಸತ್ತಿವೆ ಎಂದೇ ಅರ್ಥವಲ್ಲ. ಬೋರ್ಡ್ ಹೊರಹರಿವನ್ನು ಕಡಿದಿರಬಹುದು. ಒಳಗಿನ ಪ್ರತಿ ಸೆಲ್ಲನ್ನು ಅಳೆದು ನೋಡುವ ಕೆಲಸ ತಂತ್ರಜ್ಞರದು.

ಸಿಂಪರಣಾ ಯಂತ್ರದ ಪ್ಯಾಕ್

ಹನ್ನೆರಡು ವೋಲ್ಟಿನ ಸ್ಪ್ರೇಯರುಗಳಲ್ಲಿ ಆಸಿಡ್ ಬ್ಯಾಟರಿ ತೆಗೆದು ಹಗುರವಾದ ಲಿಥಿಯಂ ಪ್ಯಾಕ್ ಹಾಕಿಸುವ ರೈತರು ಹೆಚ್ಚುತ್ತಿದ್ದಾರೆ. ಬೆನ್ನಿನ ಭಾರ ಇಳಿಯುವುದು ಸ್ವಾಗತಾರ್ಹವೇ. ತೊಂದರೆ ಇರುವುದು ಹಳೆಯ ಚಾರ್ಜರನ್ನೇ ಮುಂದುವರಿಸುವುದರಲ್ಲಿ. ಪ್ಯಾಕಿನ ಮೇಲೆ 11.1 ವೋಲ್ಟ್ ಎಂದಿದ್ದರೆ ಅದರಲ್ಲಿ ಸಾಮಾನ್ಯ ಲಿಥಿಯಂ ಅಯಾನಿನ ಮೂರು ಸೆಲ್ಲುಗಳು ಸಾಲಾಗಿವೆ. ಪೂರ್ಣ ಮಿತಿ 12.6. ಆಸಿಡ್ ಬ್ಯಾಟರಿಯ ಚಾರ್ಜರ್ ಕೊಡುವುದು 14.4ರಷ್ಟು. ಮೂರರಿಂದ ಭಾಗಿಸಿ ನೋಡಿ, ಪ್ರತಿ ಸೆಲ್ಲಿಗೆ 4.8 ವೋಲ್ಟ್ ಬೀಳುತ್ತದೆ. ಆಗ ಬೆಂಕಿಗೂ ನಿಮ್ಮ ಮನೆಗೂ ನಡುವೆ ಇರುವುದು ಬಿ.ಎಂ.ಎಸ್. ಎಂಬ ಸಣ್ಣ ರಕ್ಷಣಾ ಬೋರ್ಡ್ ಒಂದೇ. ಅಗ್ಗದ ಪ್ಯಾಕಿನಲ್ಲಿ ಅದೂ ಇರುವುದಿಲ್ಲ. ಪ್ಯಾಕಿನ ಮೇಲೆ 12.8 ಎಂದಿದ್ದರೆ ಅದು ಎಲ್.ಎಫ್.ಪಿ.ಯ ನಾಲ್ಕು ಸೆಲ್ಲುಗಳದು, ಮಿತಿ 14.6. ನಿಮ್ಮ ಪ್ಯಾಕ್ ಯಾವುದೆಂದು ಇಂದೇ ನೋಡಿ.

ಇಂತಹ ಪ್ಯಾಕನ್ನು ಬೆಂಚ್ ಪವರ್ ಸಪ್ಲೈಯಿಂದ ಚಾರ್ಜ್ ಮಾಡುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಯಂತ್ರಕ್ಕೆ ಕಾಣುವುದು ಮೊತ್ತ ಮಾತ್ರ. ಫಲಕದಲ್ಲಿ 12.60 ಎಂದು ಸರಿಯಾಗಿಯೇ ಇದ್ದಾಗ ಒಳಗೆ 4.35, 4.15, 4.10 ಎಂದು ಹಂಚಿಕೆಯಾಗಿರಬಹುದು. ಮೊದಲನೆಯ ಸೆಲ್ ಮಿತಿಮೀರಿ ತುಂಬಿರುವುದು ಹೊರಗೆ ಗೊತ್ತಾಗುವುದಿಲ್ಲ. ಬಿ.ಎಂ.ಎಸ್. ಇದೆಯೆಂದು ಖಚಿತವಿದ್ದು, ಚಾರ್ಜರ್ ಕೆಟ್ಟು, ಸಿಂಪರಣೆ ಮುಂದೂಡಲಾಗದ ತುರ್ತು ಇದ್ದರೆ ಮಾತ್ರ 11.1ರ ಪ್ಯಾಕಿಗೆ 12.3, 12.8ರ ಪ್ಯಾಕಿಗೆ 14.4 ಇಟ್ಟು, ಹತ್ತಿರ ಕೂತು ಚಾರ್ಜ್ ಮಾಡಬಹುದು.

ಅಂಕಿಗಳನ್ನು ಬರೆದಿಡಿ

ಬೆಂಚ್ ಪವರ್ ಸಪ್ಲೈಗೆ ಸಾಮಾನ್ಯ ಚಾರ್ಜರಿಗಿಲ್ಲದ ಒಂದು ಗುಣವಿದೆ: ಅದು ಕರೆಂಟನ್ನು ತೋರಿಸುತ್ತದೆ. ವಿಸ್ತರಣಾ ಕಾರ್ಯಕರ್ತರು ಇದನ್ನು ಬಳಸಿಕೊಳ್ಳಬೇಕು. ಅರ್ಧ ಗಂಟೆಗೊಮ್ಮೆ ಕರೆಂಟನ್ನು ಬರೆದು, ಪ್ರತಿ ಅಂಕಿಯನ್ನು ಅರ್ಧದಿಂದ ಗುಣಿಸಿ ಕೂಡಿದರೆ ಸೆಲ್ ಎಷ್ಟು ಆಂಪಿಯರ್-ಅವರ್ ತೆಗೆದುಕೊಂಡಿತೆಂದು ತಿಳಿಯುತ್ತದೆ. 3.0 ವೋಲ್ಟಿಗೆ ಇಳಿದಿದ್ದ 2500ರ ಸೆಲ್ 0.5 ಆಂಪಿಯರ್‌ನಲ್ಲಿ ಎರಡೂವರೆ ಗಂಟೆಗೇ ಸಿ.ವಿ. ಹಂತ ತಲುಪಿ ಬೇಗ ಮುಗಿಸಿದರೆ ಅದು ಹಿಡಿದದ್ದು 1400ರಷ್ಟೇ. ಬೇಗ ತುಂಬಿತೆಂದು ಸಂತೋಷ ಪಡುವಂತಿಲ್ಲ. ತೊಟ್ಟಿಯಲ್ಲಿ ಹೂಳು ತುಂಬಿದೆ.

ಹೂಳು ತುಂಬಿದ ಸೆಲ್ಲಿಗೂ ಹೊಲದಿಂದ ಬರುವ ಮಾಹಿತಿಗೂ ನೇರ ಸಂಬಂಧವಿದೆ. ಸಿಮ್ ಕಾರ್ಡ್ ಮೂಲಕ ಮಾಹಿತಿ ಕಳುಹಿಸುವ ಜಿ.ಎಸ್.ಎಂ. ಸಂವೇದಕಗಳು ಕಳುಹಿಸುವ ಕ್ಷಣದಲ್ಲಿ 2 ಆಂಪಿಯರ್‌ವರೆಗೆ ಕರೆಂಟ್ ಎಳೆಯುತ್ತವೆ. ಹಳೆಯ ಸೆಲ್ಲಿನ ಆಂತರಿಕ ರೋಧ ಹೆಚ್ಚಾಗಿರುವುದರಿಂದ ಆ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಉಪಕರಣ ಮರುಚಾಲನೆಗೊಳ್ಳುತ್ತದೆ, ಆ ಹೊತ್ತಿನ ಮಾಹಿತಿ ತಪ್ಪುತ್ತದೆ. ಬಿಸಿಲಿದ್ದಾಗ ಸೌರ ಫಲಕ ಆಧಾರವಾಗುವುದರಿಂದ ಹಗಲಿನ ಮಾಹಿತಿ ಬರುತ್ತದೆ. ಇರುಳು ಮತ್ತು ನಸುಕಿನದು ಬರುವುದಿಲ್ಲ. ನಿಮ್ಮ ಮೊಬೈಲಿನ ನಕ್ಷೆಯಲ್ಲಿ ರಾತ್ರಿಯ ಭಾಗ ಮಾತ್ರ ಪದೇ ಪದೇ ಖಾಲಿ ಕಂಡರೆ ಸಂವೇದಕವನ್ನು ದೂರುವ ಮೊದಲು ಸೆಲ್ಲನ್ನು ಪರೀಕ್ಷಿಸಿ. ಚಾರ್ಜ್ ಮುಗಿಸಿದ ಸೆಲ್ಲನ್ನು ಒಂದು ರಾತ್ರಿ ಹಾಗೆಯೇ ಇಟ್ಟು ಅಳೆಯುವುದೂ ಒಳ್ಳೆಯ ಪರೀಕ್ಷೆ, 4.10ಕ್ಕೆ ತುಂಬಿಸಿದ್ದು ಬೆಳಗಾಗುವುದರೊಳಗೆ 4.0ಕ್ಕಿಂತ ಕೆಳಗಿಳಿದಿದ್ದರೆ ಅದನ್ನು ಹೊಲಕ್ಕೆ ಮರಳಿಸಬೇಡಿ.

ನಿತ್ಯದ ಬಳಕೆಗೆ ಯಾವುದು?

ಒಂದೇ ಸೆಲ್ಲಿನ ಉಪಕರಣಗಳಿಗೆ ಟಿ.ಪಿ. 4056 ಎಂಬ ಚಿಪ್ ಇರುವ ಸಣ್ಣ ಚಾರ್ಜಿಂಗ್ ಬೋರ್ಡ್ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ನೂರು ರೂಪಾಯಿಗೂ ಕಡಿಮೆಗೆ ದೊರೆಯುತ್ತದೆ. ಮೊಬೈಲ್ ಚಾರ್ಜರಿನಿಂದಲೇ ನಡೆಯುತ್ತದೆ, 4.2 ವೋಲ್ಟಿಗೆ ಮಿತಿಗೊಳಿಸುತ್ತದೆ, ಕರೆಂಟ್ ಹತ್ತನೇ ಒಂದಕ್ಕೆ ಇಳಿದಾಗ ತಾನಾಗಿ ನಿಲ್ಲಿಸುತ್ತದೆ. ಮೇಲೆ ವಿವರಿಸಿದ ಮೂರನೆಯ ಕೆಲಸ ಇದೇ. ಎಲ್.ಎಫ್.ಪಿ. ಸೆಲ್ಲಿಗೆ ಇದು ಸಲ್ಲದು. ಪ್ಲಸ್, ಮೈನಸ್ ಅದಲುಬದಲಾದರೆ ಬೋರ್ಡ್ ಸುಡುತ್ತದೆ. ಮಳೆಗಾಲಕ್ಕೆ ಮುನ್ನ ಪ್ರತಿ ಸಂವೇದಕಕ್ಕೆ ಒಂದು ಹೆಚ್ಚುವರಿ ಸೆಲ್ ತಂದು, ಒಂದು ಹೊಲದಲ್ಲಿ, ಒಂದು ಮನೆಯಲ್ಲಿ ಎಂಬಂತೆ ಬದಲಿಸುತ್ತ ಹೋದರೆ ಬೆಂಚ್ ಪವರ್ ಸಪ್ಲೈಯ ಅವಶ್ಯಕತೆ ಪರೀಕ್ಷೆಗಷ್ಟೇ ಉಳಿಯುತ್ತದೆ.

ಹಂಗಾಮು ಮುಗಿದು ಉಪಕರಣ ಎತ್ತಿಡುವಾಗ ಸೆಲ್ಲನ್ನು ಪೂರ್ತಿ ತುಂಬಿಸಿಯೂ ಇಡಬೇಡಿ, ಬರಿದಾಗಿಸಿಯೂ ಇಡಬೇಡಿ. 3.7ರಿಂದ 3.8 ವೋಲ್ಟಿನಲ್ಲಿ, ಉಪಕರಣದಿಂದ ಹೊರತೆಗೆದು, ಮನೆಯ ತಂಪಾದ ಭಾಗದಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಡಿ. ಮೂರು ತಿಂಗಳಿಗೊಮ್ಮೆ ಅಳೆಯಿರಿ. ಕೆಟ್ಟ ಸೆಲ್ಲಿನ ಎರಡು ತುದಿಗಳಿಗೂ ಟೇಪು ಅಂಟಿಸಿ, ಕೊಂಡ ಅಂಗಡಿಗೆ ಅಥವಾ ಇ-ತ್ಯಾಜ್ಯ ಸಂಗ್ರಹಣಾ ಕೇಂದ್ರಕ್ಕೆ ಮರಳಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅವುಗಳನ್ನು ಹಿಂಪಡೆದು ಮರುಬಳಕೆಗೆ ಕಳುಹಿಸುವ ಹೊಣೆ ಉತ್ಪಾದಕರದು. ತಿಪ್ಪೆಗೆ ಎಸೆದ ಸೆಲ್ ಗೊಬ್ಬರದೊಂದಿಗೆ ಹೊಲ ಸೇರುತ್ತದೆ. ಕಸದೊಡನೆ ಸುಟ್ಟರೆ ಸಿಡಿಯುತ್ತದೆ.